ಯಾರ ಸಾಲಿನಲ್ಲಿ ನಿಲ್ಲಲಿ ಎಂದು ಕೇಳಿದ್ದೀಯೆ

ಮೈಸೂರು

ಚಿರಂಜೀವಿಗೆ ನಿನ್ನ ಚಿಕ್ಕಜ್ಜ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ ಸಾಂಪ್ರತ. ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸುದ್ದಿ, ತೋಟದ ಸುದ್ದಿಗಳನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನನ್ನ ಯುದ್ಧದ ಕತೆಗಳನ್ನು ನೀನು ಚಿಕ್ಕಂದಿನಿಂದ ಕೇಳಿ ಬೆಳೆದವನು. ಅವೆಲ್ಲವನ್ನೂ ಇಲ್ಲಿ ಬಿಡುತ್ತೇನೆ. ನಿನ್ನ ಪತ್ರದ ಮೂರನೆಯ ಪುಟದ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಬಹುಶಃ ರಾತ್ರಿ ದೀಪ ಆರಿಸುವ ಹೊತ್ತಿಗೆ ಸೇರಿಸಿದ ಒಂದು ವಾಕ್ಯವಿದೆ. ಮೂರು ದಿನಗಳಿಂದ ನಾನು ಅದನ್ನೇ ಓದುತ್ತಿದ್ದೇನೆ. "ಚಿಕ್ಕಜ್ಜ, ಕಾಲಿನ ಮೂಳೆ ಕೂಡುವಷ್ಟರಲ್ಲಿ ಟರ್ಮ್ ಮುಗಿದುಹೋಗುತ್ತದೆ, ನನ್ನನ್ನು ರೆಲೆಗೇಟ್ ಮಾಡಿದರೆ, ಆರು ತಿಂಗಳ ಟರ್ಮನ್ನು ಮತ್ತೆ ಮಾಡಲು ಕಿರಿಯರ ತಂಡಕ್ಕೆ ಇಳಿಸಿದರೆ, ಐವತ್ತು ವರ್ಷಗಳ ನಂತರ ನಿಮ್ಮ ಹಾಗೆ ಇಲ್ಲಿಗೆ ಬಂದಾಗ ನಾನು ಯಾರ ಸಾಲಿನಲ್ಲಿ ನಿಲ್ಲಲಿ?"

ಕಳೆದ ವಾರ ನಮ್ಮ ಕೋರ್ಸಿನ, ಅಂದರೆ ಒಂದೇ ತಂಡದ, ಹಳೆಯ ಕೆಡೆಟ್‌ಗಳ ಕೂಟಕ್ಕೆಂದು ನಾವೆಲ್ಲ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಬಂದಿದ್ದಾಗ ನಿನ್ನನ್ನೇ ನಮ್ಮ ಜೊತೆಗೆ ಓಡಾಡಲು ನೇಮಿಸಿದ್ದರು. ನೀನು ಕುಂಟುತ್ತಿದ್ದೆ. ನಾವು ಎಪ್ಪತ್ತು ದಾಟಿದ ಮುದುಕರು ಒಂದೇ ಬಣ್ಣದ ಟೈ ಕಟ್ಟಿಕೊಂಡು, ಕೆಂಪು ಕಲ್ಲಿನ ಸುಡಾನ್ ಬ್ಲಾಕಿನ ಮೆಟ್ಟಿಲುಗಳ ಮೇಲೆ ಫೋಟೋಗೆ ನಿಂತಾಗ, ನೀನು ಕೆಳಗೆ ನಮ್ಮ ಕೈಕೋಲುಗಳನ್ನು ಹಿಡಿದು ನೋಡುತ್ತಿದ್ದೆ. ಆಗ ನಿನ್ನ ಮನಸ್ಸಿನಲ್ಲಿ ಈ ಪ್ರಶ್ನೆ ಹುಟ್ಟಿತೆಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ಏಕೆಂದರೆ ಅದೇ ಪ್ರಶ್ನೆ ಹೊತ್ತ ಇನ್ನೊಬ್ಬರು ಅಲ್ಲೇ, ಮೆಟ್ಟಿಲಿನ ಎಡತುದಿಯಲ್ಲಿ, ಸಾಲಿಗೆ ಸೇರಿಯೂ ಸೇರದಂತೆ ನಿಂತಿದ್ದರು. ನೀನು ಅವರಿಗೆ ಕುಡಿಯಲು ನೀರು ತಂದುಕೊಟ್ಟೆ. ಬಿಳಿ ಮೀಸೆಯ, ಧಾರವಾಡದ ಕಡೆಯ ಕನ್ನಡ ಮಾತನಾಡಿದವರು. ಅವರ ಹೆಸರನ್ನು ನೀನು ಕೇಳಿರಬಹುದು. ಪತ್ರದಲ್ಲಿ ಬರೆಯುವುದು ಅವರಿಗೆ ಇಷ್ಟವಾಗದು, ಅದಕ್ಕೆ ನಾನೂ ಬರೆಯುವುದಿಲ್ಲ. ನನಗೆ ಅವನು ಏಕವಚನದ ಗೆಳೆಯ, ಹಾಗೆಯೇ ಬರೆಯುತ್ತೇನೆ.

1968ರ ಜನವರಿಯಲ್ಲಿ ನಾವಿಬ್ಬರೂ ಒಂದೇ ದಿನ ಅಕಾಡೆಮಿಯ ಗೇಟು ದಾಟಿದೆವು. ಕೆಡೆಟ್‌ಗಳು ಒಟ್ಟಿಗೆ ವಾಸಿಸುವ ನಮ್ಮ ಸ್ಕ್ವಾಡ್ರನ್ನಿನಲ್ಲಿ ನಮ್ಮ ಟರ್ಮಿಗೆ ಕನ್ನಡದವರು ನಾವಿಬ್ಬರೇ. ಹಗಲೆಲ್ಲ ಇಂಗ್ಲಿಷು, ಹಿಂದಿ, ಉಸ್ತಾದರ ಕೂಗು. ರಾತ್ರಿ ಅವನ ಕ್ಯಾಬಿನ್ನಿನಲ್ಲಿ ನೆಲದ ಮೇಲೆ ಕುಳಿತು ಬೂಟು ಉಜ್ಜುವಾಗ ಮಾತ್ರ ಕನ್ನಡ. ನನ್ನ ಮಲೆನಾಡಿನ ಕನ್ನಡವನ್ನು ಅವನು ಆಡಿ ತೋರಿಸುತ್ತಿದ್ದ, ಅವನ ಕನ್ನಡವನ್ನು ನಾನು ಕಲಿಯುತ್ತಿದ್ದೆ. ಅವನ ತಾಯಿ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಟ್ರಂಕಿನಲ್ಲಿ ಬಟ್ಟೆಯ ಅಡಿಗಿರುತ್ತಿತ್ತು. ಮೆಸ್ಸಿನಿಂದ ಜೇಬಿನಲ್ಲಿ ಅಡಗಿಸಿ ತಂದ ಬ್ರೆಡ್ಡಿಗೆ ಅದನ್ನು ಹಚ್ಚಿಕೊಂಡು ತಿನ್ನುತ್ತಿದ್ದೆವು. ಮೂರನೆಯ ಟರ್ಮಿನಲ್ಲಿ ಅವನಿಗೆ ಕಾಮಾಲೆಯಾಯಿತು. ಎರಡು ತಿಂಗಳ ಮೇಲೆ ಆಸ್ಪತ್ರೆಯಲ್ಲಿದ್ದ. ತಪ್ಪಿದ ತರಬೇತಿ ಎಷ್ಟಿತ್ತೆಂದರೆ ಟರ್ಮಿನ ಕೊನೆಯಲ್ಲಿ ಬಂದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನೀನು ಈಗ ಹೆದರುತ್ತಿರುವ ಅದೇ ಪದವಿತ್ತು.

ನಿನ್ನ ಹೆದರಿಕೆ ಬರಿಯ ಕಲ್ಪನೆ ಎಂದು ನಾನು ಹೇಳಲಾರೆ. ಆರು ತಿಂಗಳು ಎನ್ನುವುದು ಹೊರಗಿನವರಿಗೆ ಏನೂ ಅಲ್ಲ; ಒಳಗಿರುವವನಿಗೆ ಅದೊಂದು ಬೇಲಿ. ಮುಂದಿನ ಟರ್ಮ್ ಶುರುವಾದಾಗ ಅವನು ಅದೇ ಸ್ಕ್ವಾಡ್ರನ್ನಿನಲ್ಲಿಯೇ ಇದ್ದ. ಆದರೆ ಸೈಕಲ್ ಸ್ಟ್ಯಾಂಡಿನಲ್ಲಿ ಅವನ ಸೈಕಲ್ಲು ನಮ್ಮ ಸಾಲಿನಿಂದ ಎದ್ದು ಕಿರಿಯರ ಸಾಲಿಗೆ ಹೋಗಿತ್ತು. ನನ್ನ ಸೈಕಲ್ಲಿನ ಪಕ್ಕದ ಜಾಗ ಖಾಲಿ ಉಳಿಯಿತು. ವಾರದೊಳಗೆ ಬೇರೆಯವರ ಸೈಕಲ್ಲು ಅಲ್ಲಿ ನಿಂತಿತು, ನಾನೂ ಅದನ್ನು ಒಪ್ಪಿಕೊಂಡೆ.

ನಾನು ನಿನಗೆ ಹೇಳಬೇಕಾದದ್ದು ಇಲ್ಲಿದೆ, ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೊನೆಯ ಟರ್ಮಿನಲ್ಲಿ ನನ್ನ ತೋಳಿಗೆ ಕೆಡೆಟ್ ನಾಯಕನ ಪಟ್ಟಿ ಬಂತು. ಒಂದು ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಫಾಲಿನ್ನಿಗೆ, ಅಂದರೆ ಸಾಲಾಗಿ ನಿಲ್ಲುವ ಹಾಜರಿಗೆ, ಅವನು ಅರ್ಧ ನಿಮಿಷ ತಡವಾಗಿ ಓಡಿ ಬಂದ. ಕಿರಿಯರೆಲ್ಲ ನೋಡುತ್ತಿದ್ದರು. ಬೇರೆಯವರಿಗೆ ಕೂಗುವ ದನಿಯಲ್ಲಿಯೇ ನಾನು ಅವನನ್ನು ಮುಂದಕ್ಕೆ ಕರೆದೆ. ಅವನು ಸಾವಧಾನದಲ್ಲಿ ನಿಂತು, ನನ್ನ ಹಣೆಯ ಮೇಲೆ ಎಲ್ಲೋ ನೋಡುತ್ತಾ, "ಎಸ್, ಸರ್" ಎಂದ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಆದರೆ ಆಮೇಲೆ, ಯಾರೂ ಇಲ್ಲದಾಗ, ಹೋಗಿ "ನನಗೆ ಹಾಗನ್ನಬೇಡ ಮಾರಾಯ" ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಂದಿನಿಂದ ನಮ್ಮ ನಡುವೆ ಕನ್ನಡ ನಿಂತುಹೋಯಿತು. 1970ರ ಡಿಸೆಂಬರಿನಲ್ಲಿ ನಾನು ಅಂತಿಮ ಪಗ್, ಅಂದರೆ ಪರೇಡಿನ ಕೊನೆಯ ಹೆಜ್ಜೆ, ಇಟ್ಟು ಹೊರಬಿದ್ದಾಗ ಅವನು ಹಿಂದುಳಿದವರ ಸಾಲಿನಲ್ಲಿ ಶಸ್ತ್ರ ಹಿಡಿದು ನಿಂತಿದ್ದ. ಹಿಂತಿರುಗಿ ನೋಡಲು ಅಪ್ಪಣೆ ಇರಲಿಲ್ಲ. ಇದ್ದಿದ್ದರೂ ನೋಡುತ್ತಿದ್ದೆನೇ ಎಂದು ಈಗ ನನಗೆ ಸಂಶಯ.

ಮುಂದಿನ ವರ್ಷದ ಡಿಸೆಂಬರ್, ಪಾಕಿಸ್ತಾನದೊಡನೆ ಯುದ್ಧವಾದ ಡಿಸೆಂಬರ್, ನಿನಗೆ ಗೊತ್ತು. ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಹೊರಟು ಪಲ್ಟನ್ ಸೇರಿದ ಸ್ವಲ್ಪ ದಿನಗಳಲ್ಲೇ ನಮ್ಮ ಕೋರ್ಸಿನವರು ಯುದ್ಧದಲ್ಲಿದ್ದರು. ಈಗ ನೀನು ದಿನವೂ ಕವಾಯತು ಮಾಡುವ ಖೇತ್ರಪಾಲ್ ಪರೇಡ್ ಗ್ರೌಂಡಿಗೆ ನಮ್ಮ ಕಾಲದಲ್ಲಿ ಆ ಹೆಸರಿರಲಿಲ್ಲ. ಅರುಣ್ ಖೇತ್ರಪಾಲ್ ಅವರು ಫಾಕ್ಸ್‌ಟ್ರಾಟ್ ಸ್ಕ್ವಾಡ್ರನ್ನಿನಲ್ಲಿ ನಮಗಿಂತ ಒಂದೇ ಟರ್ಮ್ ಮುಂದಿದ್ದ ಕೆಡೆಟ್, ನಮ್ಮ ಜೊತೆಗೆ ಅದೇ ನೆಲದಲ್ಲಿ ಹೆಜ್ಜೆ ಹಾಕಿದವರು. ಜೂನ್ 1971ರಲ್ಲಿ ಅವರು ಪೂನಾ ಹಾರ್ಸ್ ರೆಜಿಮೆಂಟಿಗೆ ಸೇರಿದರು. ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ, ಹೊತ್ತಿ ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಇಳಿಯದೆ, 21ನೆಯ ವಯಸ್ಸಿನಲ್ಲಿ ಪ್ರಾಣ ಕೊಟ್ಟರು. ಪರಮವೀರ ಚಕ್ರ ಅವರ ಮನೆಗೆ ಹೋಯಿತು. ನಮ್ಮ ಸ್ಕ್ವಾಡ್ರನ್ನಿನ ಒಬ್ಬನೂ ಆ ಎರಡು ವಾರಗಳಲ್ಲಿ ಹೋದ. ಆ ಹೊತ್ತಿನಲ್ಲಿ ನನ್ನ ಧಾರವಾಡದ ಗೆಳೆಯ ಡೆಹ್ರಾಡೂನಿನಲ್ಲಿ ಇನ್ನೂ ಕೆಡೆಟ್ ಆಗಿದ್ದ, ರೇಡಿಯೋ ಕೇಳುತ್ತಾ. ಆರು ತಿಂಗಳ ಬೇಲಿಯ ಆಚೆ. ಹಿಂದುಳಿದದ್ದರಿಂದಲೇ ನೀನು ಉಳಿದೆ ಎಂದು ಕೆಲವರು ಅವನ ಎದುರಿಗೇ ಹೇಳಿದ್ದಾರಂತೆ. ಸಮಾಧಾನಕ್ಕೆಂದು ಅಂಥ ಮಾತನ್ನು ನಾನು ನಿನಗೆ ಬರೆಯುವುದಿಲ್ಲ. ಕೇಳಿದವನ ಎದೆಯಲ್ಲಿ ಅದು ಬಹಳ ವರ್ಷ ಮುಳ್ಳಾಗಿ ಉಳಿದದ್ದನ್ನು ಮೊನ್ನೆ ಕಂಡೆ.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಬರುವ ಡಿಸೆಂಬರಿಗೆ ನಾವು ಅಕಾಡೆಮಿ ಬಿಟ್ಟು 55 ವರ್ಷ. ಈ ಕೂಟಕ್ಕೆ ಕರೆಯಬೇಕಾದವರ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬ. ಹೊರಬಿದ್ದ ದಿನದ ಪಟ್ಟಿಯನ್ನು ಮುಂದಿಟ್ಟುಕೊಂಡು, ತೀರಿಕೊಂಡವರ ಹೆಸರಿಗೆ ಗುರುತು ಹಾಕಿ, ಅವರ ಪತ್ನಿಯರ ವಿಳಾಸ ಹುಡುಕಿ, ಬಹಳ ಅಚ್ಚುಕಟ್ಟಾಗಿ ಮಾಡಿದೆವೆಂದುಕೊಂಡಿದ್ದೆ. ಆಗ ಸಿಕಂದರಾಬಾದಿನಲ್ಲಿರುವ, ವಾಯುಪಡೆಗೆ ಹೋಗಿದ್ದ ನಮ್ಮ ಸ್ಕ್ವಾಡ್ರನ್ನಿನವನೊಬ್ಬ ಫೋನ್ ಮಾಡಿ, "ನಿನ್ನ ಕನ್ನಡದವನ ಹೆಸರು ಎಲ್ಲಿ?" ಎಂದು ಕೇಳಿದ. ನಾನು ಫೋನ್ ಹಿಡಿದುಕೊಂಡೇ ಸುಮ್ಮನಾದೆ. ಅರ್ಧ ಶತಮಾನದ ಹಿಂದೆ ಸೈಕಲ್ ಸ್ಟ್ಯಾಂಡಿನಲ್ಲಿ ಆದದ್ದನ್ನು ನಾನು ನನ್ನ ಕೈಯಾರೆ ಮತ್ತೊಮ್ಮೆ ಮಾಡಿದ್ದೆ. ಆಮೇಲೆ 1968ರ ಜನವರಿಯಲ್ಲಿ ಸೇರಿದವರ ಪಟ್ಟಿಯನ್ನು ನೆನಪಿನಿಂದ, ಹಳೆಯ ಫೋಟೋಗಳಿಂದ, ಒಬ್ಬರನ್ನೊಬ್ಬರು ಕೇಳಿ ಕಟ್ಟಿದೆವು. ರೆಲೆಗೇಟ್ ಆದವರು ಸಿಕ್ಕಿದರು, ಕಣ್ಣಿನ ದೋಷದಿಂದ ಅರ್ಧದಲ್ಲೇ ಮನೆಗೆ ಹೋದವನು ಸಿಕ್ಕಿದ, ತಂದೆ ತೀರಿಕೊಂಡಾಗ ಬಿಟ್ಟುಹೋದವನೂ ಸಿಕ್ಕಿದ. ಕೋರ್ಸು ಎಂದರೆ ಹೊರಟ ದಿನದ ಪಟ್ಟಿಯೋ, ಬಂದ ದಿನದ ಪಟ್ಟಿಯೋ ಎಂದು ನಾವು ಅಷ್ಟು ವರ್ಷ ಕೇಳಿಕೊಂಡೇ ಇರಲಿಲ್ಲ.

ಅವನು ಬರಲೊಪ್ಪಿದ. ಹುತಾತ್ಮರ ಸ್ಮಾರಕವಾದ ಹಟ್ ಆಫ್ ರಿಮೆಂಬರೆನ್ಸ್‌ನಲ್ಲಿ ಹೂವಿನ ಚಕ್ರ ಇಟ್ಟು ನಾವೆಲ್ಲ ಮೌನವಾಗಿ ನಿಂತಾಗ ಅವನು ನನ್ನ ಹಿಂದೆಯೇ ಇದ್ದ. ಹೊರಗೆ ಬಂದ ಮೇಲೆ ನನ್ನ ಭುಜ ಹಿಡಿದು, "ಏನೋ ತಮ್ಮಾ, ಮೊಣಕಾಲ ಹೆಂಗದಾವು?" ಎಂದು ಕೇಳಿದ. ಐವತ್ತೈದು ವರ್ಷಗಳ ನಂತರ ಅವನ ಬಾಯಿಂದ ನನಗೆ ಬಂದ ಮೊದಲ ಕನ್ನಡದ ಮಾತು ಅದು. ಆ ರಾತ್ರಿ ಊಟದ ಮೇಲೆ ನಾನು ಫಾಲಿನ್ನಿನ ಆ ಬೆಳಗಿನ ಮಾತೆತ್ತಿ ಕ್ಷಮೆ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಅದು ನನಗ ನೆನಪs ಇಲ್ಲ. ನನಗ ನೆನಪಿರೋದು, ಲಿಸ್ಟ್ ಬಂದ ಮ್ಯಾಲ ಮೂರು ದಿನ ನನ್ನ ಬಾಗಲಾ ಯಾರೂ ಬಡೀಲಿಲ್ಲ" ಎಂದ.

ಮಗು, ಆ ಮೂರು ದಿನಗಳು ನನಗೆ ಸ್ವಲ್ಪವೂ ನೆನಪಿಲ್ಲ. ಎಷ್ಟು ಪ್ರಯತ್ನಪಟ್ಟರೂ ಇಲ್ಲ. ನಾನು ಇಷ್ಟು ವರ್ಷ ಹೊತ್ತು ತಿರುಗಿದ ತಪ್ಪು ಅವನ ಲೆಕ್ಕದಲ್ಲೇ ಇರಲಿಲ್ಲ. ಅವನಿಗೆ ನೋವು ಮಾಡಿದ್ದನ್ನು ನಾನು ಮರೆತೇಬಿಟ್ಟಿದ್ದೆ. ನಾವು ಅವನನ್ನು ತಳ್ಳಿರಲಿಲ್ಲ, ಏನು ಮಾತನಾಡಬೇಕೆಂದು ತಿಳಿಯದೆ ದೂರ ಉಳಿದಿದ್ದೆವು ಎಂದು ಈಗ ಹೇಳಬಹುದು. ಮುಚ್ಚಿದ ಬಾಗಿಲಿನ ಒಳಗಿದ್ದವನಿಗೆ ಎರಡೂ ಒಂದೇ.

ನೀನು ಕೇಳಿದ್ದನ್ನೇ ಅವನನ್ನೂ ಕೇಳಿದೆ, ನಿನ್ನ ಪತ್ರ ಬಂದ ಸಂಜೆ ಫೋನಿನಲ್ಲಿ. "ಎರಡೂ ಕಡೆ ಮನಿ ಐತಿ, ಎರಡೂ ಕಡೆ ಬೀಗರ ಹಾಂಗ ಕೂಡ್ತೀನಿ" ಎಂದ. ನಾನು ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಬೆಳಗಾಗುವಷ್ಟರಲ್ಲಿ ಮನೆಯ ಮುಂದೆ ಬಂದು ನಿಂತವರು ಆ ಎರಡನೆಯ ಕೋರ್ಸಿನವರು. ಅವನು ಯಾರ ಸಾಲಿಗೆ ತಲೆ ತಗ್ಗಿಸಿಕೊಂಡು ಸೇರಿದ್ದನೋ ಆ ಕಿರಿಯರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾಲ್ವರೂ ಅವರೇ. ನಮ್ಮಲ್ಲಿ ಒಬ್ಬನೂ ಇರಲಿಲ್ಲ. ನನಗಂತೂ ಸುದ್ದಿಯೇ ತಿಳಿದಿರಲಿಲ್ಲ. ಇದನ್ನು ಅವನು ಆಕ್ಷೇಪಣೆಯಾಗಿ ಹೇಳಲಿಲ್ಲ, ನಿನಗೆ ತಿಳಿಸಲೆಂದು ಹೇಳಿದ.

ನಿನಗೆ ಬುದ್ಧಿ ಹೇಳುವ ಅರ್ಹತೆ ನನಗೆಷ್ಟಿದೆ ಎಂಬುದನ್ನು ಮೇಲಿನದನ್ನು ಓದಿ ನೀನೇ ತೀರ್ಮಾನಿಸಬಹುದು. ಆದರೂ ಎರಡು ಮಾತು. ನೋವಿನ ಮಾತ್ರೆ ನುಂಗಿ ಓಡಬೇಡ. ಈ ಟರ್ಮನ್ನು ಉಳಿಸಿಕೊಳ್ಳಲು ಬಿರುಕು ಬಿಟ್ಟ ಮೂಳೆಯ ಮೇಲೆ ಕ್ರಾಸ್ ಕಂಟ್ರಿ ಓಡಿ, ಕೊನೆಗೆ ಕಾಲನ್ನೇ ಕೆಡಿಸಿಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಡಾಕ್ಟರ ಹತ್ತಿರ ಎಷ್ಟು ನೋವಿದೆಯೋ ಅಷ್ಟನ್ನೂ ಹೇಳು. ಆ ವಯಸ್ಸಿನಲ್ಲಿ ಅದು ಕಷ್ಟ ಎಂದು ಬಲ್ಲೆ, ನಾನೂ ಹೇಳುತ್ತಿರಲಿಲ್ಲ. ಇನ್ನೊಂದು, ಒಂದು ವೇಳೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದರೆ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಕೂರಬೇಡ. ನಿನ್ನ ಜೊತೆಯವರಿಗೆ ಏನು ಹೇಳಬೇಕೆಂದು ತಿಳಿಯದೆ ಇರಬಹುದು, ನಮಗೂ ತಿಳಿದಿರಲಿಲ್ಲ. ಆಗುವುದಾದರೆ ನೀನೇ ಎದ್ದು ಹೋಗಿ ಅವರ ಬಾಗಿಲು ತಟ್ಟು. ಇದನ್ನು ಗಾಯಗೊಂಡವನಿಗೇ ಹೇಳುವುದು ನ್ಯಾಯವಲ್ಲ ಎಂದು ಗೊತ್ತು, ಹೇಳಬೇಕಾದ್ದು ಉಳಿದವರಿಗೆ. ಅವರ ವಿಳಾಸ ನನ್ನಲ್ಲಿಲ್ಲ, ನಿನ್ನದು ಮಾತ್ರ ಇದೆ.

ಕಿರಿಯರ ಸಾಲಿನ ಬಗ್ಗೆಯೂ ಒಂದು ಮಾತು ಬರೆಯಬೇಕೆಂದಿದ್ದೆ, ಹೇಗೆ ಬರೆಯಬೇಕೆಂದು ಹೊಳೆಯುತ್ತಿಲ್ಲ. ಅವರಿಗೆ ನೀನು ಹಿರಿಯನೂ ಅಲ್ಲ, ಸಮನೂ ಅಲ್ಲ ಎನಿಸುವ ಕೆಲವು ವಾರಗಳು ಬರುತ್ತವೆ. ಅವನಿಗೆ ಬಂದಿದ್ದವಂತೆ. ಆಮೇಲೆ ಒಂದು ದಿನ ಸಿಂಹಗಡದ ಓಟದಲ್ಲಿ ಹಿಂದೆ ಬಿದ್ದ ಒಬ್ಬ ಕಿರಿಯನ ರೈಫಲ್ಲನ್ನು ಅವನು ಎತ್ತಿಕೊಂಡು ಹತ್ತಿದನಂತೆ. ಆ ಕಿರಿಯನೇ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬ. ಇದನ್ನು ಅವನೇ ನಿನಗೆ ವಿವರವಾಗಿ ಬರೆಯುತ್ತೇನೆಂದಿದ್ದಾನೆ. ನಿನ್ನ ಸ್ಕ್ವಾಡ್ರನ್ನಿನ ವಿಳಾಸವನ್ನು ನಿನ್ನನ್ನು ಕೇಳದೆಯೇ ಅವನಿಗೆ ಕೊಟ್ಟಿದ್ದೇನೆ, ಬೇಸರಪಡಬೇಡ. ಅವನ ಪತ್ರ ಬಂದರೆ ಒಂದು ಸಾಲಾದರೂ ಉತ್ತರ ಬರೆ, ಕನ್ನಡದಲ್ಲಿ ಬರೆ.

ಸುಡಾನ್ ಬ್ಲಾಕಿನ ಮುಂದೆ ತೆಗೆದ ಫೋಟೋದ ಒಂದು ಪ್ರತಿಯನ್ನು ಇದರ ಜೊತೆಗೆ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಅವನು ತುದಿಯಲ್ಲಿದ್ದಾನೆ, ಇದು ಎರಡನೆಯದು. ಇದರಲ್ಲಿ ಸಿಕಂದರಾಬಾದಿನವನು ಅವನ ಕೈಹಿಡಿದು ಎಳೆದು ನನಗೂ ತನಗೂ ನಡುವೆ ನಿಲ್ಲಿಸಿಕೊಂಡಿದ್ದಾನೆ, ಅದಕ್ಕೇ ಮೂವರ ಟೈಗಳೂ ಸೊಟ್ಟಗಿವೆ. ಎಳೆದದ್ದು ನಾನಾಗಿರಬೇಕಿತ್ತು.

ಟರ್ಮಿನ ಫಲಿತಾಂಶ ಬಂದ ದಿನ ನನಗೆ ಫೋನ್ ಮಾಡು. ಪಟ್ಟಿಯಲ್ಲಿ ಏನಿದ್ದರೂ ಮೊದಲು ನನಗೆ ಮಾಡು, ನಿನ್ನ ಅಪ್ಪ ಅಮ್ಮನಿಗೆ ಹೇಗೆ ಹೇಳುವುದೆಂದು ಆಮೇಲೆ ಇಬ್ಬರೂ ಕೂಡಿ ಯೋಚಿಸೋಣ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತೇನೆ.

ಇತಿ ನಿನ್ನ
ಚಿಕ್ಕಜ್ಜ