ಮೊದಲು ಅಣ್ಣನ ಮೊಣಕಾಲು, ಆಮೇಲೆ ಹಡಗು

ಕಲಬುರಗಿ

ಚಿ. ಸೌ. ಅಶ್ವಿನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಮೂರು ಹಡಗಿನ ಪೋಸ್ಟರ್ ಕಳಿಸಿ "ಕಾಕಾ, ಯಾವುದು ಬುಕ್ ಮಾಡಲಿ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ನಿನಗೆ ಮೀಟಿಂಗು, ನನಗೆ ಕಿವಿ ಮಂದ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಹಡಗು ಹತ್ತಿ ಬಂದವರು ನಾನು ಮತ್ತು ನಿನ್ನ ಕಾಕು ಇಬ್ಬರೇ. ಅದೂ ಒಂದೇ ಸಲ, ಅದರಲ್ಲೂ ಅರ್ಧ ಏಟು ತಿಂದದ್ದು. ಆ ಏಟುಗಳ ಲೆಕ್ಕ ನಿನಗೆ ಉಪಯೋಗಕ್ಕೆ ಬರಲಿ.

ಒಂದು ಪೋಸ್ಟರ್ ಸಿಂಗಾಪುರದಿಂದ ಹೊರಡೋ ದೊಡ್ಡ ಹಡಗಿನದು. ಇನ್ನೊಂದು ಮುಂಬೈನಿಂದ ಲಕ್ಷದ್ವೀಪಕ್ಕೆ. ಮೂರನೆಯದು ಮುಂಬೈನಿಂದ ಗೋವಾಕ್ಕೆ ಹೋಗಿ ವಾಪಸ್. ಮೂರರಲ್ಲೂ ನೀನು ಕೇಳಿದ್ದು ಈಜುಕೊಳ ಎಷ್ಟು ದೊಡ್ಡದು, ಜಾರುಬಂಡಿ ಇದೆಯಾ, ಎಷ್ಟು ಅಂತಸ್ತು ಅನ್ನೋದು. ಹೋಗೋರು ಯಾರು ಅಂತ ಒಮ್ಮೆ ನೋಡಿಕೋ. ನೀನು, ಅಳಿಯಂದಿರು, ಆರು ವರ್ಷದ ಮಗ, ನಿನ್ನ ಅಪ್ಪ ಅಂದರೆ ನನ್ನ ಅಣ್ಣ, ನಿನ್ನ ಅವ್ವ ಅಂದರೆ ನನ್ನ ವೈನಿ. ಅಣ್ಣನಿಗೆ ಮೊಣಕಾಲು ನೋವು, ಜೊತೆಗೆ ಶುಗರ್. ವೈನಿಗೆ ಟಂಟಂ ಆಟೋದಲ್ಲಿ ಹಿಂದೆ ಕೂತು ಸೂಪರ್ ಮಾರ್ಕೆಟ್ ತನಕ ಹೋದರೂ ಹೊಟ್ಟೆ ತೊಳಸುತ್ತದೆ. ಹಡಗು ಆರಿಸಬೇಕಾದದ್ದು ಇವರಿಬ್ಬರನ್ನು ನೋಡಿ. ಮಗುವಿಗೆ ಯಾವ ಹಡಗಾದರೂ ಜಾತ್ರೆಯೇ.

ಲಕ್ಷದ್ವೀಪದ ನೀರು ಚಂದ, ಒಪ್ಪಿದೆ. ಆದರೆ ಅಲ್ಲಿ ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ನೀರು ಆಳ ಇಲ್ಲ. ದೊಡ್ಡ ಹಡಗು ದಂಡೆಗೆ ಬರೋದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ಬೋಟಿಗೆ ಇಳಿದು ದಂಡೆ ಸೇರಬೇಕು. ಹಡಗೂ ಅಲುಗುತ್ತಿರುತ್ತದೆ, ಬೋಟೂ ಅಲುಗುತ್ತಿರುತ್ತದೆ. ನಡುವಿನ ಆ ಒಂದು ಹೆಜ್ಜೆ ನಿನ್ನ ಅಪ್ಪ ಇಡ್ತಾನಾ? ಮನೆ ಮೆಟ್ಟಿಲು ಇಳಿಯೋಕೇ ಗೋಡೆ ಹಿಡೀತಾನೆ. ಮೇಲಾಗಿ ಗಾಳಿ ಜಾಸ್ತಿ ಇದ್ದರೆ ಆ ದಿನ ಬೋಟೇ ಬಿಡೋದಿಲ್ಲ. ಹಡಗಿನ ಮೇಲೆ ನಿಂತು ತೆಂಗಿನಮರ ನೋಡಿಕೊಂಡು ವಾಪಸ್ ಬರಬೇಕು. ಯಾವ ಹಡಗು ಬುಕ್ ಮಾಡಿದರೂ ಈ ಒಂದು ಮಾತು ಕೇಳಿಯೇ ಕೇಳು: ಹಡಗು ಬಂದರಿನ ಕಟ್ಟೆಗೇ ತಾಗಿ ನಿಲ್ಲುತ್ತದೋ, ಬೋಟಿನಲ್ಲಿ ಇಳಿಸುತ್ತಾರೋ? ಪೋಸ್ಟರಿನಲ್ಲಿ ಇದನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯೋದಿಲ್ಲ.

ಸಿಂಗಾಪುರದ್ದು ನಿಜಕ್ಕೂ ಒಳ್ಳೆಯದು. ಹಡಗು ದೊಡ್ಡದಾದಷ್ಟೂ ಅಲುಗಾಟ ಕಡಿಮೆ. ಅದು ಹೋಗೋ ಮಲಕ್ಕಾ ಜಲಸಂಧಿಯ ನೀರೂ ಸಾಮಾನ್ಯವಾಗಿ ಶಾಂತ. ಅಲ್ಲಿಂದ ಹೊರಡೋ ಗೆಂಟಿಂಗ್ ಡ್ರೀಮ್ ಹಡಗು 335 ಮೀಟರ್ ಉದ್ದ. ಟೈಟಾನಿಕ್ ಇದ್ದದ್ದೇ 269 ಮೀಟರ್. ಆದರೆ ಆ 335 ಮೀಟರ್ ನಡೆಯೋರು ಯಾರು? ಕೋಣೆ ಒಂದು ತುದಿಗೆ, ಊಟ ಇನ್ನೊಂದು ತುದಿಗೆ ಬಿದ್ದರೆ ದಿನಕ್ಕೆ ಮೂರು ಸಲ ಆ ಕಡೆ ಈ ಕಡೆ. ಜೊತೆಗೆ ವಿಮಾನ, ಐದು ಜನರ ಪಾಸ್‌ಪೋರ್ಟು, ವೀಸಾ. ಹಡಗು ಸಿಂಗಾಪುರ ಬಿಟ್ಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಅಂದರೆ ಎರಡು ಸಲ ಒಳಗೆ ಹೋಗಲು ಬರೋ ವೀಸಾ ಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿಯಾದರೂ ಬಾಕಿ ಇರಬೇಕು. ವೈನಿಗೆ ಇನ್ನೂ ಪಾಸ್‌ಪೋರ್ಟೇ ಆಗಿಲ್ಲ. ಇದನ್ನು ನೀನೂ ಅಳಿಯಂದಿರೂ ಇಬ್ಬರೇ ಒಮ್ಮೆ ಹೋಗಿಬನ್ನಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ.

ಉಳಿದದ್ದು ಗೋವಾ. ಮುಂಬೈನಿಂದ 2021ರಿಂದ ಕಾರ್ಡೆಲಿಯಾ ಕಂಪನಿಯವರ ಎಂಪ್ರೆಸ್ ಹಡಗು ಓಡಾಡುತ್ತಿದೆ. ಹಡಗು 1990ರದ್ದು, ಹಳೆಯದು ಅಂತ ಅಳಿಯಂದಿರು ಮೂಗು ಮುರಿದರಂತೆ. ಮುರಿಯಲಿ. ಉದ್ದ ಬರೀ 210 ಮೀಟರ್, ಹನ್ನೊಂದು ಅಂತಸ್ತು. ಅಣ್ಣನ ಕಾಲಿಗೆ ಅದೇ ಸರಿ. ನಮ್ಮ ಜನರ ಊಟ, ಹಾಲು ಹಾಕಿದ ಚಹಾ, ಬೇಕಾದರೆ ಜೈನರ ಊಟ ಕೂಡ ಸಿಗುತ್ತದೆ. ದೇಶದೊಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಡ, ಸರ್ಕಾರದ ಗುರುತಿನ ಚೀಟಿ ಸಾಕು. ಮೂರು ರಾತ್ರಿಯದ್ದು ತಗೋ. ಎರಡು ರಾತ್ರಿಯ ಕೆಲವು ಟ್ರಿಪ್ಪುಗಳು ಸುಮ್ನೆ ಸಮುದ್ರಕ್ಕೆ ಹೋಗಿ ತಿರುಗಿ ಬರುತ್ತವೆ, ಯಾವ ಊರಿಗೂ ನಿಲ್ಲೋದಿಲ್ಲ. ಏಳು ರಾತ್ರಿಯದ್ದು ಮೊದಲ ಸಲಕ್ಕೆ ಜಾಸ್ತಿ. ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗೋದಿಲ್ಲ ಅಂತ ಇನ್ನೂ ಗೊತ್ತಿಲ್ಲವಲ್ಲ. ಗೋವಾದಲ್ಲಿ ಹಡಗು ನಿಲ್ಲೋದು ಮುರಗಾವ್ ಬಂದರಿನಲ್ಲಿ. ಅಲ್ಲಿಂದ ದೂರದ ಕಲಂಗುಟ್ ದಂಡೆಗೆ ಅಂತ ಹೊರಟರೆ ದಿನವೆಲ್ಲ ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಹತ್ತಿರದಲ್ಲೇ ಬೋಗಮಾಳೋ ದಂಡೆ ಇದೆ, ಮಗು ಮರಳಲ್ಲಿ ಆಡಲಿ. ಮತ್ತೆ ಹಡಗು ಹತ್ತೋ ಟೈಮು ಗೋಡೆಗೆ ಬರೆದಿಟ್ಟ ಹಾಗೆ ನೆನಪಿಟ್ಟುಕೋ. ಸಿಟಿ ಬಸ್ಸಿನ ಹಾಗೆ ಕೈ ಮಾಡಿದರೆ ನಿಲ್ಲೋದಿಲ್ಲ ಅದು.

ಇನ್ನು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರ ಮಳೆಗಾಲದ ಗಾಳಿಗೆ ಕುದಿಯುತ್ತಿರುತ್ತದೆ. ಅದರ ಹಿಂದೆ ಮುಂದೆಯೂ ನಂಬಬೇಡ. ನಾವು ಹೋದದ್ದು ಮೇ ಕೊನೆಗೆ, ಟಿಕೆಟ್ ಸೋವಿ ಇತ್ತು ಅಂತ. ನಿನ್ನ ಕಾಕು ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಒಬ್ಬನೇ ಊಟಕ್ಕೆ ಹೋಗಿ, ಅವಳಿಗೆ ಬಾಳೆಹಣ್ಣು ತಂದು ಕೊಡ್ತಿದ್ದೆ. ಅದಕ್ಕೇ ಸೋವಿ ಇತ್ತು! ನಿಮಗೆ ಡಿಸೆಂಬರ್ ಕೊನೆ ಬೇಡ, ಆಗ ಜನವೂ ಜಾಸ್ತಿ, ದುಡ್ಡೂ ಜಾಸ್ತಿ. ಎಳ್ಳ ಅಮಾವಾಸ್ಯೆಗೆ ಅಣ್ಣ ಹೊಲ ಬಿಟ್ಟು ಎಲ್ಲಿಗೂ ಬರೋದಿಲ್ಲ ಅಂತ ನಿನಗೇ ಗೊತ್ತು. ಅದು ಮುಗಿದು, ತೊಗರಿ ರಾಶಿಯೂ ಆಗಿ ಮಾಲು ಗಂಜ್ ಮಾರುಕಟ್ಟೆಗೆ ಹೋದ ಮೇಲೆ ಅವನ ಮನಸ್ಸು ಹಗುರ ಇರುತ್ತದೆ. ಜನವರಿ ಕೊನೆ ಅಥವಾ ಫೆಬ್ರವರಿ ಅನ್ನು. ಸಮುದ್ರವೂ ಆಗ ಶಾಂತ.

ಅಣ್ಣ ವೈನಿಯ ಕೋಣೆ ವಿಚಾರದಲ್ಲಿ ಮಾತ್ರ ದುಡ್ಡು ಉಳಿಸಬೇಡ. ಕಿಟಕಿ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಸೋವಿ. ನೀವು ಮೂವರು ಅದರಲ್ಲಿ ಇರಿ, ಬರೀ ಮಲಗೋಕೆ ತಾನೆ. ಅಣ್ಣ ವೈನಿಗೆ ಸಮುದ್ರ ಕಾಣೋ ಕಿಟಕಿಯ ಕೋಣೆ ತಗೋ. ಕಿಟಕಿ ಇಲ್ಲದ ಕಡೆ ಬೆಳಕು ಹರಿದದ್ದೇ ಗೊತ್ತಾಗೋದಿಲ್ಲ. ನಾನು ಒಂದು ರಾತ್ರಿ ಮೂರು ಗಂಟೆಗೆ ಎದ್ದು ಸ್ನಾನ ಮುಗಿಸಿ ಚಹಾ ಹುಡುಕಿಕೊಂಡು ಹೋಗಿದ್ದೆ. ಎರಡೂ ಕೋಣೆ ಅಕ್ಕಪಕ್ಕ ಇರಲಿ. ಹಡಗಿನ ನಕ್ಷೆ ತರಿಸಿಕೊಂಡು ನೋಡು: ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗಿನ ಅಂತಸ್ತು. ತೊಟ್ಟಿಲು ತೂಗುವಾಗ ನಡುವಿನ ಜಾಗ ಕಡಿಮೆ ಅಲುಗುತ್ತದಲ್ಲ, ಹಾಗೆಯೇ. ಮೇಲೆಯೂ ಕೆಳಗೆಯೂ ಬೇರೆ ಕೋಣೆಗಳೇ ಇರಬೇಕು. ನಮ್ಮ ತಲೆಯ ಮೇಲೆ ಊಟದ ಹಾಲ್ ಇತ್ತು. ನಸುಕಿನಲ್ಲೇ ಕುರ್ಚಿ ಎಳೆಯೋ ಸದ್ದು ಶುರು.

ವೈನಿಗೆ ವಾಂತಿ ಮಾತ್ರೆ ಹಡಗು ಅಲುಗಿದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ, ಮುಂಚೆಯೇ ತಗೋಬೇಕು. ಯಾವುದು, ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳು. ಬೀಪಿ ಮಾತ್ರೆಯೂ ನಡೀತಿದೆ ಅಂತ ಹೇಳೋದು ಮರೀಬೇಡ. ಶುಂಠಿ ಕೈಯಲ್ಲಿರಲಿ. ಹೊಟ್ಟೆ ತೊಳಸಿದರೆ ಕೋಣೆಯಲ್ಲಿ ಮಲಗೋದಕ್ಕಿಂತ ಹೊರಗೆ ಗಾಳಿಗೆ ಬಂದು ದೂರದ ನೀರಿನ ಅಂಚು ನೋಡಬೇಕಂತೆ. ಇದನ್ನು ನಮಗೆ ಹಡಗಿನ ಹುಡುಗನೊಬ್ಬ ಹೇಳಿದ್ದು ಮೂರನೇ ದಿನ.

ದುಡ್ಡಿನ ಮಾತು. ನಾನು ಗಂಜ್‌ನ ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ, ಮೂವತ್ತು ವರ್ಷ ಲೆಕ್ಕ ಬರೆದವನು. ತೊಗರಿ ರೇಟು ಕೂಗಿದಾಗ ರೈತ ಖುಷಿಪಡುತ್ತಾನೆ. ಹಮಾಲಿ, ತೂಕ, ಅದು ಇದು ಕಳೆದು ಪಟ್ಟಿ ಕೈಗೆ ಬಂದಾಗಲೇ ಅಸಲು ರೇಟು ತಿಳಿಯೋದು. ಹಡಗಿನದ್ದೂ ಇದೇ ಕಥೆ. ಪೋಸ್ಟರಿನಲ್ಲಿ ಹಾಕೋದು ಒಂದು ಕೋಣೆಯಲ್ಲಿ ಇಬ್ಬರಿದ್ದರೆ ತಲೆಗೆ ಇಷ್ಟು ಅಂತ. ಅದರ ಮೇಲೆ ಬಂದರಿನ ಶುಲ್ಕ, ಜಿಎಸ್‌ಟಿ, ಕೆಲಸದವರಿಗೆ ಅಂತ ತಲೆಗೆ ರಾತ್ರಿಗೆ ಇಷ್ಟು ಸೇವಾ ಶುಲ್ಕ. ನಮ್ಮ ಏಜೆಂಟ್ "ಎಲ್ಲಾ ಸೇರೇ ಇದೆ ಕಾಕಾ" ಅಂದಿದ್ದ. ಇಳಿಯೋ ದಿನ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಬಿಲ್ಲು. ಕುಡಿಯೋದು, ವೈಫೈ, ಕೆಲವು ಸ್ಪೆಷಲ್ ಹೋಟೆಲು, ಊರು ತೋರಿಸೋ ಬಸ್ಸು, ಹಡಗಿನ ಡಾಕ್ಟರು, ಎಲ್ಲಕ್ಕೂ ಬೇರೆ ದುಡ್ಡು. ಬುಕ್ ಮಾಡೋ ಮುಂಚೆ ಐದೂ ಜನರದ್ದು ಪೂರಾ ಪಟ್ಟಿ ಬರೆಸಿಕೋ. ಕ್ಯಾನ್ಸಲ್ ಮಾಡಿದರೆ ಯಾವ ತಾರೀಖಿನ ತನಕ ಎಷ್ಟು ವಾಪಸ್ ಅನ್ನೋದೂ ಅದರಲ್ಲೇ ಬರಲಿ. ಅಣ್ಣನಿಗೆ ಶುಗರ್ ಇದೆ, ಪ್ರಯಾಣದ ಇನ್ಶೂರೆನ್ಸ್ ಮಾಡಿಸು, ಇರೋ ಕಾಯಿಲೆ ಮುಚ್ಚಿಡಬೇಡ. ಹಡಗು ದಂಡೆ ಬಿಟ್ಟ ಮೇಲೆ ಎಲ್ಲರ ಮೊಬೈಲೂ ಏರೋಪ್ಲೇನ್ ಮೋಡ್. ಇಲ್ಲವಾದರೆ ಅದು ಹಡಗಿನ ಟವರ್ ಹಿಡಿದು ಬೇರೆಯೇ ಬಿಲ್ಲು ಏರುತ್ತದೆ.

ಹತ್ತಿದ ದಿನ ದೊಡ್ಡ ಪೆಟ್ಟಿಗೆಗಳನ್ನು ಅವರು ತಗೊಂಡು ಹೋಗ್ತಾರೆ, ಕೋಣೆಗೆ ಬರೋದು ಎಷ್ಟೋ ಹೊತ್ತಿಗೆ. ಅಣ್ಣನ ಔಷಧಿ ಕೈಚೀಲದಲ್ಲೇ ಇರಲಿ. ಕೊನೆ ರಾತ್ರಿ ಪೆಟ್ಟಿಗೆ ಮತ್ತೆ ಬಾಗಿಲ ಹೊರಗೆ ಇಡಬೇಕು. ನಾನು ಪ್ಯಾಂಟು ಶರ್ಟು ಎಲ್ಲಾ ತುಂಬಿ ಇಟ್ಟುಬಿಟ್ಟೆ. ಬೆಳಿಗ್ಗೆ ಹಡಗಿನಿಂದ ಇಳಿದದ್ದು ಲುಂಗಿಯಲ್ಲಿ. ನಿನ್ನ ಕಾಕು ಇವತ್ತಿಗೂ ಬಂದವರಿಗೆಲ್ಲಾ ಅದನ್ನೇ ಮೊದಲು ಹೇಳೋದು.

ಹಡಗು ಹೊರಡೋ ಮುಂಚೆ ಲೈಫ್ ಜಾಕೆಟ್, ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸ್ತಾರೆ. ಅಳಿಯಂದಿರು ಮೊಬೈಲ್ ನೋಡುತ್ತಾ ನಿಲ್ಲೋದು ಬೇಡ. 2012ರ ಜನವರಿಯಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಹೋದರು. ಅವತ್ತೇ ಹತ್ತಿದ್ದ ಎಷ್ಟೋ ಜನರಿಗೆ ಆ ತಾಲೀಮು ಇನ್ನೂ ಆಗಿರಲಿಲ್ಲ. ಅದಾದ ಮೇಲೆಯೇ ಹೊರಡೋ ಮುಂಚೆ ಮಾಡಲೇಬೇಕು ಅಂತ ಬಿಗಿ ಮಾಡಿದ್ದು. ಈ ಸುದ್ದಿ ವೈನಿಗೆ ಹೇಳಬೇಡ, ಈಗಲೇ ಟೈಟಾನಿಕ್ ಟೈಟಾನಿಕ್ ಅಂತಿದ್ದಾರೆ. ಅವರ ಬ್ಯಾಗಿನಿಂದ ಊದಿನಕಡ್ಡಿ, ಬೆಂಕಿಪೊಟ್ಟಣ, ನಿನ್ನ ಬ್ಯಾಗಿನಿಂದ ಇಸ್ತ್ರಿ ಪೆಟ್ಟಿಗೆ ತೆಗೆದಿಡು. ಬೆಂಕಿಯ ಭಯ, ತಗೊಂಡು ಹೋಗಗೊಡೋದಿಲ್ಲ.

ಹಡಗು ಹೊರಡೋ ದಿನವೇ ಮುಂಬೈ ಮುಟ್ಟೋ ಸಾಹಸ ಮಾಡಬೇಡ. ಟ್ರೈನು ತಡವಾದರೆ ಹಡಗು ಕಾಯೋದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ನೋಡು. ನೀವು ಬೆಂಗಳೂರಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಇಲ್ಲಿ ಅಣ್ಣ ವೈನಿ ಅದೇ ಡಬ್ಬಿಗೆ ಹತ್ತುತ್ತಾರೆ. ರಾತ್ರಿಗೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್. ಅಲ್ಲಿಂದ ಹಡಗು ಹತ್ತೋ ಬಲ್ಲಾರ್ಡ್ ಪಿಯರ್ ಬಹಳ ಹತ್ತಿರ. ಹೋಟೆಲು ಅಲ್ಲೇ ಮಾಡಿ, ಮರುದಿನ ಆರಾಮಾಗಿ ಹೋಗಿ.

ಕಲಬುರಗಿ ಸ್ಟೇಷನ್ನಿಗೆ ನಾನೇ ಅವರನ್ನು ಕರೆತಂದು ಹತ್ತಿಸುತ್ತೇನೆ. ನಿನ್ನ ಕಾಕು ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಚಟ್ನಿಪುಡಿ ಕಟ್ಟುತ್ತಾಳೆ, ಬೇಡ ಅಂದರೂ ಕೇಳೋದಿಲ್ಲ. ಮನೆಯಲ್ಲಿ ಮಾಡಿದ್ದನ್ನು ಹಡಗಿನೊಳಗೆ ಬಿಡೋದಿಲ್ಲ, ಮುಂಬೈನಲ್ಲೇ ಡಬ್ಬಿ ಖಾಲಿ ಮಾಡಿ. ಡಬ್ಬಿ ಮಾತ್ರ ವಾಪಸ್ ತಾ, ಸ್ಟೀಲಿನದು.

ನಿನ್ನ ಕಾಕಾ