ರಾಕೆಟ್ ಮಾದರಿಗೆ ಮದ್ದು ಬೇಡ, ನೀರು ಸಾಕು

ಮಾನ್ಯರೇ,

ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂದಾಗ ಮಕ್ಕಳು ಕೇಳುತ್ತಾರೆ: ಮನೆಯಲ್ಲಿ ಮಾಡಿದ ರಾಕೆಟ್ ಎಂಜಿನ್ ಎಷ್ಟು ಡಿಗ್ರಿಯಲ್ಲಿ ಉರಿಯುತ್ತದೆ, ಯಾವ ಪೈಪು ತಡೆದೀತು? ಅದಕ್ಕೆ ತುಂಬುವ ಕರಿಮದ್ದಿನ (ಗನ್‌ಪೌಡರ್) ಜ್ವಾಲೆ ಸುಮಾರು 2,000 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ, ಪಿವಿಸಿ 80ರ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಹಾಗೆಂದು ಕಬ್ಬಿಣದ ಪೈಪು ಹುಡುಕುವುದು ಇನ್ನೂ ದೊಡ್ಡ ಅಪಾಯ. ಎಂಜಿನ್ ಸಿಡಿಯುವುದು ಹೆಚ್ಚಾಗಿ ಒತ್ತಡದಿಂದ. ಮದ್ದಿನಲ್ಲಿ ಸಣ್ಣ ಬಿರುಕಿದ್ದರೂ ಉರಿಯುವ ಮೇಲ್ಮೈ ಒಮ್ಮೆಲೇ ಹಿಗ್ಗಿ, ಅನಿಲ ಹೊರಬೀಳುವ ಮೊದಲೇ ಪೈಪು ಚೂರಾಗಬಹುದು. ಪಿವಿಸಿ ಚೂರು ಮೈಯೊಳಗೆ ಹೊಕ್ಕರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣದೆ ಹೋಗಬಹುದು. ಕಾರ್ಖಾನೆಯ ಸಣ್ಣ ಎಂಜಿನ್‌ಗಳ ಕವಚ ದಪ್ಪ ಕಾಗದದ್ದು, ಅನಿಲ ಹೊರಬೀಳುವ ಬಾಯಿ ಜೇಡಿಮಣ್ಣಿನದು. ಉರಿ ಒಂದೆರಡು ಸೆಕೆಂಡಿನಲ್ಲಿ ಮುಗಿಯುವುದರಿಂದ ತಾಳುತ್ತವೆ. ಮನೆಯಲ್ಲಿ ಅದರ ನಕಲು ಬೇಡವೇ ಬೇಡ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧವೂ ಹೌದು.

ರಾಕೆಟ್ ಹಾರುವುದರ ಹಿಂದಿರುವ ನ್ಯೂಟನ್ನನ ಮೂರನೇ ನಿಯಮವನ್ನು (ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ) ನೀರಿನ ರಾಕೆಟ್ ಚೆನ್ನಾಗಿ ತೋರಿಸುತ್ತದೆ. ತಂಪುಪಾನೀಯದ 2 ಲೀಟರ್ ಬಾಟಲಿಯೇ ಬೇಕು. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಾಳದು. ಮೂರನೇ ಒಂದು ಭಾಗ, ಅಂದರೆ ಸುಮಾರು 650 ಮಿ.ಲೀ. ನೀರು ಹಾಕಿ. ರಬ್ಬರ್ ಬಿರಡೆಯಲ್ಲಿ ಪೈಪು ತೂರಿಸಿ, ಬೈಕ್ ಟ್ಯೂಬಿನ ವಾಲ್ವನ್ನು ಪೈಪಿನ ಇನ್ನೊಂದು ತುದಿಗೆ, ಪಂಪಿನ ಕಡೆ ಕೂಡಿಸಿ. ಬಿರಡೆಯನ್ನು ಬಾಟಲಿಯ ಬಾಯಿಗೆ ಬಿಗಿದು, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ. ಪೈಪು ಕನಿಷ್ಠ 5 ಮೀಟರ್ ಇರಲಿ. ಒತ್ತಡ ತೋರಿಸುವ ಗೇಜ್ ಇರುವ ಪಂಪಿನಲ್ಲಿ 40 ಪಿಎಸ್‌ಐ ದಾಟಬೇಡಿ. ಬಿರಡೆ ಯಾವ ಗಳಿಗೆಯಲ್ಲಿ ಕಳಚುತ್ತದೆಂದು ಹೇಳಲಾಗದು, ಆದ್ದರಿಂದ ಬಾಟಲಿಯ ಮೇಲೆ ಬಗ್ಗಿ ನೋಡಲೇಬಾರದು. ಹಾರದೇ ಕುಳಿತರೆ ಹತ್ತಿರ ಹೋಗದೆ, ದೂರದಿಂದಲೇ ವಾಲ್ವಿನ ಪಿನ್ ಒತ್ತಿ ಒತ್ತಡ ಇಳಿಸಿ.

ರೆಕ್ಕೆಗಳನ್ನು ಗ್ಲೂ ಗನ್‌ನಿಂದ ಅಂಟಿಸಿದರೆ ಬಿಸಿ ಅಂಟು ಬಾಟಲಿಯನ್ನೇ ಸುಕ್ಕಾಗಿಸಿ ದುರ್ಬಲಗೊಳಿಸುತ್ತದೆ. ಎರಡೂ ಬದಿ ಅಂಟುವ ಟೇಪ್ ಸಾಕು. ಬಾಟಲಿಯ ಪ್ಲಾಸ್ಟಿಕ್ 70 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. 40 ದಾಟುವ ನಮ್ಮ ಕಲಬುರಗಿ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಬಾಟಲಿಗೆ, ಮುಚ್ಚಿದ ಕಾರಿನಲ್ಲಿ ಬಿಟ್ಟದ್ದಕ್ಕೆ ಗಾಳಿ ತುಂಬಬಾರದು. ಬೆಳಿಗ್ಗೆಯೇ ಹಾರಿಸಿ. ಗೀರು ಬಿದ್ದದ್ದನ್ನು ಎಸೆಯಿರಿ. ರಾಕೆಟ್ಟಿನ ಮೇಲ್ತುದಿಯ ಮೂತಿಯೊಳಗೆ 50 ಗ್ರಾಂನಷ್ಟು ಜೇಡಿಮಣ್ಣು ಮೆತ್ತಿ, ನೀರಿಲ್ಲದ ರಾಕೆಟ್ಟನ್ನು ಅದರ ತೂಕ ಸಮ ನಿಲ್ಲುವ ಜಾಗದಲ್ಲಿ ದಾರ ಕಟ್ಟಿ ಸುತ್ತಿಸಿ ನೋಡಿ: ಮೂತಿ ಮುಂದಾಗಿ ಸಾಗಿದರೆ ನೇರ ಹಾರುತ್ತದೆ, ಇಲ್ಲದಿದ್ದರೆ ಮಣ್ಣು ಹೆಚ್ಚಿಸಿ.

ಬೀದರ್‌ನಲ್ಲಿ ವಾಯುನೆಲೆಯ ಸಮೀಪದ ಶಾಲೆಗಳವರು ಮೊದಲೇ ಅನುಮತಿ ಕೇಳಬೇಕು. ಪ್ರದರ್ಶನ ಏರ್ಪಡಿಸುವವರು ಮದ್ದಿನ ಮಾದರಿಗಳನ್ನು ನಿಯಮದಲ್ಲೇ ನಿಷೇಧಿಸಿ, ಪ್ರತಿ ಕೇಂದ್ರಕ್ಕೂ ಗೇಜ್ ಇರುವ ಒಂದು ಪಂಪು ಒದಗಿಸಬೇಕು.

– ವಿಜ್ಞಾನ ಶಿಕ್ಷಕರು, ಕಲಬುರಗಿ