ಬಿಕ್ಕಟ್ಟಿನ ಹೊತ್ತಿನ ಮೊದಲ ಆಸರೆ: ತರಬೇತಿ ಹಾಸ್ಟೆಲಿನ ಅಡುಗೆಮನೆಯವರೆಗೂ ತಲುಪಲಿ

ಸಂಪಾದಕರಿಗೆ,

ಮಾನ್ಯರೇ,

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಹೊರಡಿಸಿತು. ಈ ಕುರಿತು ಕಾನೂನು ರಚನೆಯಾಗುವವರೆಗೆ ಇವುಗಳ ಪಾಲನೆ ಕಡ್ಡಾಯವೆಂದೂ ನ್ಯಾಯಾಲಯ ಹೇಳಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಆಪ್ತ ಸಮಾಲೋಚಕರಿರಬೇಕು, ಕೋಚಿಂಗ್ ಕೇಂದ್ರಗಳು ಅಂಕಗಳನ್ನು ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು ಎಂಬಂಥ ಸೂಚನೆಗಳ ಬಗ್ಗೆ ಒಂದಿಷ್ಟು ಚರ್ಚೆಯಾಗಿದೆ. ಆದರೆ ಅದೇ ಆದೇಶದಲ್ಲಿರುವ ಇನ್ನೊಂದು ಸೂಚನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದು ನನಗನ್ನಿಸುತ್ತದೆ. ಬೋಧಕರು ಮತ್ತು ಬೋಧಕೇತರ ಸಿಬ್ಬಂದಿಯೆಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾನಸಿಕ ಪ್ರಥಮ ಚಿಕಿತ್ಸೆ (ಬಿಕ್ಕಟ್ಟಿನಲ್ಲಿರುವವರಿಗೆ ತಕ್ಷಣ ಕೊಡುವ ಮೊದಲ ಆಸರೆ), ಅಪಾಯದ ಸೂಚನೆಗಳನ್ನು ಗುರುತಿಸುವುದು, ಸ್ವಹಾನಿಗೆ ಸ್ಪಂದಿಸುವುದು ಮತ್ತು ಸೂಕ್ತ ತಜ್ಞರ ಬಳಿಗೆ ಕಳುಹಿಸುವುದು, ಇವಿಷ್ಟರ ಕುರಿತು ಅರ್ಹ ಮಾನಸಿಕ ಆರೋಗ್ಯ ತಜ್ಞರಿಂದ ತರಬೇತಿ ಕೊಡಿಸಬೇಕೆಂಬುದು ಆ ಸೂಚನೆ. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿರುವ, ಈಗಲೂ ವಿದ್ಯಾರ್ಥಿನಿಲಯಗಳ ಒಡನಾಟವನ್ನು ಬಿಡದಿರುವ ನಾನು ಈ ಪತ್ರವನ್ನು ಆ ಒಂದು ಸೂಚನೆಯ ಕುರಿತಾಗಿಯೇ ಬರೆಯುತ್ತಿದ್ದೇನೆ.

ಬೋಧಕೇತರ ಸಿಬ್ಬಂದಿಯನ್ನು ನ್ಯಾಯಾಲಯ ಸೇರಿಸಿದ್ದು ಅತ್ಯಂತ ವಿವೇಕದ ನಿರ್ಧಾರ. ನಮ್ಮ ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳು, ಇವಲ್ಲದೆ ಖಾಸಗಿ ಹಾಸ್ಟೆಲ್‌ಗಳು ಮತ್ತು ಪಿ.ಜಿ.ಗಳಲ್ಲಿ ಲಕ್ಷಾಂತರ ಮಕ್ಕಳು ಮನೆಯಿಂದ ದೂರವಿದ್ದು ಓದುತ್ತಿದ್ದಾರೆ. ಉಪನ್ಯಾಸಕರು ನಾಲ್ಕು ಗಂಟೆಗೆ ಮನೆಗೆ ಹೋಗುತ್ತಾರೆ. ಆಪ್ತ ಸಮಾಲೋಚಕರು ಇದ್ದರೂ ಅವರ ಕೋಣೆಯ ಬಾಗಿಲು ಸಂಜೆಗೆ ಮುಚ್ಚಿರುತ್ತದೆ. ಎರಡು ದಿನದಿಂದ ಊಟಕ್ಕೆ ಬಾರದ ಹುಡುಗಿ ಯಾರು ಎಂಬುದು ಅಡುಗೆಯವರಿಗೆ ಗೊತ್ತಿರುತ್ತದೆ. ನಡುರಾತ್ರಿ ಒಬ್ಬನೇ ಮಹಡಿಯ ಮೇಲೆ ಓಡಾಡುವ ಹುಡುಗ ಯಾರು ಎಂಬುದು ಕಾವಲುಗಾರರಿಗೆ ಗೊತ್ತಿರುತ್ತದೆ. ಮನೆಗೆ ಫೋನ್ ಮಾಡಿ ಬಂದ ಮೇಲೆ ಯಾರ ಮುಖ ಬಾಡಿರುತ್ತದೆ ಎಂಬುದನ್ನು ನಿಲಯಪಾಲಕರು ನಿತ್ಯ ನೋಡುತ್ತಾರೆ. ಇವರೆಲ್ಲರಿಗೂ ಕಾಣುತ್ತದೆ, ಆದರೆ ಕಂಡ ಮೇಲೆ ಏನು ಮಾಡಬೇಕೆಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಕರ್ನಾಟಕದಲ್ಲಿ ಆ ವರ್ಷ ದಾಖಲಾದ ಒಟ್ಟು ಆತ್ಮಹತ್ಯೆಗಳು 13,606. ಇಷ್ಟು ಸಾವುಗಳಲ್ಲಿ ಎಷ್ಟನ್ನು ತಪ್ಪಿಸಬಹುದಾಗಿತ್ತೆಂದು ಯಾರೂ ಲೆಕ್ಕ ಹೇಳಲಾರರು. ಆದರೆ ಬಿಕ್ಕಟ್ಟಿನ ತೀವ್ರ ಘಳಿಗೆ ಬಹುಪಾಲು ಜನರಲ್ಲಿ ಬಂದು ಹೋಗುವಂಥದ್ದು, ಆ ಹೊತ್ತಿನಲ್ಲಿ ಜೊತೆಗೊಬ್ಬರು ಇದ್ದರೆ ಅದನ್ನು ದಾಟಿ ಬರಲು ಸಾಧ್ಯ ಎಂಬುದನ್ನು ಈ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಬಲ್ಲರು. 1953ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಮಾರಿಟನ್ಸ್ ಸಂಸ್ಥೆಯಾಗಲಿ, 1986ರಲ್ಲಿ ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ಕಟ್ಟಿದ ಸ್ನೇಹ ಸಂಸ್ಥೆಯಾಗಲಿ ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರನ್ನೇ ನೆಚ್ಚಿಕೊಂಡು ಬೆಳೆದಿವೆ. ಅವರಲ್ಲಿ ಹೆಚ್ಚಿನವರು ವೈದ್ಯರಲ್ಲ. ಎದುರಿಗಿರುವವರ ಮಾತನ್ನು ತೀರ್ಪು ಕೊಡದೆ ಕೇಳಿಸಿಕೊಳ್ಳುವುದನ್ನು ಶ್ರದ್ಧೆಯಿಂದ ಕಲಿತವರು.

ಈಗ ತರಬೇತಿಯೆಂಬ ಹೆಸರಿನಲ್ಲಿ ಅನೇಕ ಕಡೆ ನಡೆಯುತ್ತಿರುವುದನ್ನು ಕಂಡು ನನಗೆ ಆತಂಕವಾಗಿದೆ. ಸಭಾಂಗಣದಲ್ಲಿ ಇನ್ನೂರು ಮುನ್ನೂರು ಜನರನ್ನು ಕೂರಿಸಿ, ದೀಪ ಬೆಳಗಿಸಿ, ಅತಿಥಿಗಳ ಭಾಷಣ ಮುಗಿಸಿ, ಉಳಿದ ಒಂದು ಗಂಟೆಯಲ್ಲಿ ಪರದೆಯ ಮೇಲೆ ಇಂಗ್ಲಿಷಿನ ಸ್ಲೈಡುಗಳನ್ನು ತೋರಿಸಿ, ಹಾಜರಾತಿಗೆ ಸಹಿ ಪಡೆದು ಪ್ರಮಾಣಪತ್ರ ಹಂಚಿದರೆ ಆದೇಶ ಪಾಲನೆಯಾದಂತೆ ಕಡತದಲ್ಲಿ ದಾಖಲಾಗುತ್ತದೆ. ಖಿನ್ನತೆಯ ಲಕ್ಷಣಗಳ ಪಟ್ಟಿಯನ್ನು ಕೇಳಿ ಹೊರಬಂದ ಅಡುಗೆ ಸಹಾಯಕಿಯೊಬ್ಬರು ಅಂದೇ ರಾತ್ರಿ ಅಳುತ್ತಾ ಕೂತ ಮಗುವಿನ ಬಳಿ ಕೂತು ಮೊದಲ ಮಾತೇನು ಆಡಬೇಕೆಂದು ತಿಳಿಯದೆ ತಡವರಿಸುತ್ತಾರೆ. ಈಜನ್ನು ದಡದಲ್ಲಿ ನಿಂತು ಕೇಳಿ ಕಲಿಯಲಾಗದಂತೆ ಈ ಕೆಲಸವನ್ನೂ ಮಾಡಿಯೇ ಕಲಿಯಬೇಕು. ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಟೋನಿ ಜಾರ್ಮ್ ದಂಪತಿ 2000ದಲ್ಲಿ ರೂಪಿಸಿದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ ಮೊದಲು 9 ಗಂಟೆಗಳದ್ದಾಗಿತ್ತು, ಮುಂದೆ ಅದನ್ನು 12 ಗಂಟೆಗಳಿಗೆ ವಿಸ್ತರಿಸಲಾಯಿತು. ಸಣ್ಣ ಸಣ್ಣ ಗುಂಪುಗಳಲ್ಲಿ ಕೂತು, ಒಬ್ಬರು ಸಂಕಟದಲ್ಲಿರುವವರ ಪಾತ್ರವನ್ನೂ ಇನ್ನೊಬ್ಬರು ಕೇಳಿಸಿಕೊಳ್ಳುವವರ ಪಾತ್ರವನ್ನೂ ವಹಿಸಿ, ಮೂರನೆಯವರು ಗಮನಿಸಿ ತಿದ್ದುವ ಅಭ್ಯಾಸಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಆ ಅಭ್ಯಾಸದಲ್ಲಿ ಮೊದಲು ಬಿಡಬೇಕಾದದ್ದು ನಮ್ಮ ಬಾಯಿಗೆ ರೂಢಿಯಾಗಿರುವ ಮಾತುಗಳನ್ನು. “ಇಷ್ಟಕ್ಕೆಲ್ಲ ಯಾರಾದರೂ ಅಳ್ತಾರಾ?”, “ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?”, “ಅಪ್ಪ ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಓದಿಸ್ತಾ ಇದ್ದಾರೆ, ನೆನಪಿರಲಿ” ಎಂಬ ಮಾತುಗಳನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ಆದರೆ ತಾನು ಮನೆಯವರಿಗೆ ಹೊರೆಯಾಗಿದ್ದೇನೆಂದು ಆಗಲೇ ನಂಬಿಕೊಂಡಿರುವ ಮಗುವಿನ ಕಿವಿಗೆ ಕೊನೆಯ ಮಾತು ಆ ನಂಬಿಕೆಗೆ ಸಿಕ್ಕ ಸಾಕ್ಷಿಯಂತೆ ಕೇಳಿಸುತ್ತದೆ. ಇವುಗಳ ಬದಲು “ಎರಡು ದಿನದಿಂದ ನೀನು ಊಟ ಮಾಡ್ತಿಲ್ಲ, ನನಗೆ ಗಾಬರಿಯಾಗಿದೆ, ಏನಾಯ್ತು ಹೇಳ್ತೀಯಾ?” ಎಂದು ಕಂಡದ್ದನ್ನಷ್ಟೇ ಹೇಳಿ ಕೇಳುವುದನ್ನು, ಉತ್ತರ ಬರುವವರೆಗಿನ ಮೌನವನ್ನು ಬುದ್ಧಿಮಾತಿನಿಂದ ತುಂಬದೆ ಸಹಿಸಿಕೊಳ್ಳುವುದನ್ನು ಕಲಿಸಬೇಕು. ಆ ಮೌನವೇ ಎಲ್ಲಕ್ಕಿಂತ ಕಷ್ಟ. ಅದರಲ್ಲೂ ಜೀವನವಿಡೀ ಮಾತಾಡಿಯೇ ಸಂಬಳ ಪಡೆದ ನಮ್ಮಂಥ ಶಿಕ್ಷಕರಿಗೆ.

ಎರಡನೆಯದು, ನೇರವಾಗಿ ಕೇಳುವ ಧೈರ್ಯ. ಸಾವಿನ ವಿಚಾರವನ್ನು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ವಿದ್ಯಾವಂತರಲ್ಲೂ ಇದೆ. ಈ ಕುರಿತು ನಡೆದ ಅಧ್ಯಯನಗಳು ಆ ಭಯಕ್ಕೆ ಆಧಾರ ಕಂಡಿಲ್ಲ. ಕೇಳಿದಾಗ ಹಲವರಿಗೆ ಹಗುರವೆನಿಸುತ್ತದೆ, ಒಳಗೇ ಹೊತ್ತು ತಿರುಗುತ್ತಿದ್ದುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. “ಬದುಕೋದೇ ಬೇಡ ಅಂತ ಅನ್ನಿಸ್ತಾ ಇದೆಯಾ?” ಎಂದು ಶಾಂತವಾಗಿ ಕೇಳುವುದಕ್ಕೆ ನಾಲಗೆ ಪಳಗಬೇಕಾದರೆ ತರಬೇತಿಯ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ಹೇಳಿ ನೋಡಿರಬೇಕು. ಹೌದೆಂಬ ಉತ್ತರ ಬಂದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಅಪಾಯ ತರಬಲ್ಲ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಂಡು, ತಜ್ಞರ ಸಂಪರ್ಕ ಸಿಗುವವರೆಗೆ ಜೊತೆಗಿರಬೇಕು. “ಯಾರಿಗೂ ಹೇಳಲ್ಲ” ಎಂದು ಭಾಷೆ ಕೊಡಬಾರದು; “ನಿನ್ನನ್ನು ಉಳಿಸಿಕೊಳ್ಳೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಹೇಳೋ ಮೊದಲು ನಿನಗೆ ತಿಳಿಸ್ತೀನಿ” ಎನ್ನಬಹುದು. ಮನೆಯವರಿಗೆ ತಿಳಿಸುವುದು ಸಾಮಾನ್ಯವಾಗಿ ಅಗತ್ಯವೇ ಆದರೂ ಕೆಲವೊಮ್ಮೆ ನೋವಿನ ಮೂಲವೇ ಮನೆಯಲ್ಲಿರುತ್ತದೆಂಬ ಎಚ್ಚರವಿರಬೇಕು.

ಮಾಡಬಾರದ್ದನ್ನೂ ಸ್ಪಷ್ಟವಾಗಿ ಹೇಳಿಕೊಡಬೇಕಾಗಿದೆ. ಹಾಸ್ಟೆಲಿನಲ್ಲಿ ಒಂದು ಸಾವು ಸಂಭವಿಸಿದ ಮರುದಿನವೇ ಮಕ್ಕಳನ್ನೆಲ್ಲ ಸೇರಿಸಿ, ನಡೆದದ್ದನ್ನು ಒಬ್ಬೊಬ್ಬರ ಬಾಯಿಂದಲೂ ವಿವರವಾಗಿ ಹೇಳಿಸುವ ಉತ್ಸಾಹವನ್ನು ಕೆಲವರು ತೋರುತ್ತಾರೆ. ಆಘಾತದ ಬೆನ್ನಿಗೇ ಹೀಗೆ ಒತ್ತಾಯದಿಂದ ಹೇಳಿಸುವುದರಿಂದ ಪ್ರಯೋಜನವಿಲ್ಲ, ಕೆಲವರಿಗೆ ತೊಂದರೆಯೇ ಆಗಬಹುದು ಎಂಬುದು ಬಹಳ ಹಿಂದೆಯೇ ತಿಳಿದುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳ ಜೊತೆಗೂಡಿ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ನೋಡುವುದು, ಆಲಿಸುವುದು, ನೆರವಿನೊಂದಿಗೆ ಬೆಸೆಯುವುದು ಎಂಬ ಮೂರು ಕೆಲಸಗಳಿಗೆ ಒತ್ತು ಕೊಡುತ್ತದೆ. ನೀರು, ಹೊದಿಕೆ, ಮನೆಯವರೊಡನೆ ಮಾತಾಡುವ ಅವಕಾಶ, ಸುರಕ್ಷಿತವಾದ ಒಂದು ಜಾಗ, ಇವೂ ಅದರ ಭಾಗವೇ.

ಸಿಬ್ಬಂದಿ ಹಿಂಜರಿಯಲು ಕಾನೂನಿನ ಭಯವೂ ಕಾರಣ. “ಪೊಲೀಸ್ ಕೇಸ್ ಆಗುತ್ತೆ, ನಮಗ್ಯಾಕೆ” ಎಂಬ ಮಾತನ್ನು ನಾನು ಬಹಳಷ್ಟು ಬಾರಿ ಕೇಳಿದ್ದೇನೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಅಂಥವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಈ ಎರಡು ಸಂಗತಿಗಳು ತರಬೇತಿಯ ಮೊದಲ ಗಂಟೆಯಲ್ಲೇ ಎಲ್ಲರಿಗೂ ತಿಳಿಯಬೇಕು. ಸಂಸ್ಥೆಯ ಹೆಸರು ಕೆಡುತ್ತದೆಂದು ವಿಷಯ ಮುಚ್ಚಿಡುವ ಆಡಳಿತ ಮಂಡಳಿಗಳಿಗೂ ತಿಳಿಯಬೇಕು.

ಕರ್ನಾಟಕಕ್ಕೆ ಈ ಹಾದಿ ಹೊಸದೇನೂ ಅಲ್ಲ. ತಜ್ಞರಲ್ಲದವರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಮಾನಸಿಕ ಆರೋಗ್ಯ ಸೇವೆ ಒದಗಿಸಬಹುದೆಂಬುದನ್ನು ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಪ್ರಯೋಗಿಸಿ ನೋಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರನ್ನು ತಯಾರು ಮಾಡಿದ ಕೆಲಸ ಬಳ್ಳಾರಿ ಮಾದರಿಯೆಂದು ಹೆಸರಾಗಿ, 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸಿದ ಯುವ ಸ್ಪಂದನದಲ್ಲಿ ಯುವಕ ಯುವತಿಯರೇ ತರಬೇತಿ ಪಡೆದು ತಮ್ಮ ಓರಗೆಯವರಿಗೆ ಆಸರೆಯಾದರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಷ್ಟೆಲ್ಲ ಅನುಭವವಿರುವ ರಾಜ್ಯ ಹಾಸ್ಟೆಲ್ ಸಿಬ್ಬಂದಿಗೆ ಕನ್ನಡದಲ್ಲಿ, ಅವರ ಕೆಲಸದ ಸಂದರ್ಭಗಳನ್ನೇ ಉದಾಹರಣೆಯಾಗಿಟ್ಟುಕೊಂಡ ಒಂದು ಪಠ್ಯಕ್ರಮವನ್ನು ಸಿದ್ಧಪಡಿಸಲು ಹೊರಗಿನವರನ್ನು ಕಾಯಬೇಕಾಗಿಲ್ಲ.

ತರಬೇತಿಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಇಂಥ ತರಬೇತಿ ಪಡೆದವರ ತಿಳಿವಳಿಕೆ ಮತ್ತು ಆತ್ಮವಿಶ್ವಾಸ ಹೆಚ್ಚುತ್ತದೆಂಬುದು ಅಧ್ಯಯನಗಳಲ್ಲಿ ಕಂಡಿದೆ. ಮತ್ತೆ ಮತ್ತೆ ಅಭ್ಯಾಸ ಮಾಡಿಸದಿದ್ದರೆ ಅದು ಮಾಸುತ್ತದೆಂಬುದೂ ಕಂಡಿದೆ. ವರ್ಷಕ್ಕೆ ಎರಡು ಬಾರಿ ಎಂಬ ನ್ಯಾಯಾಲಯದ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ. ಮಗುವನ್ನು ಗುರುತಿಸಿದ ಮೇಲೆ ಕಳುಹಿಸಲು ಜಾಗವಿಲ್ಲದಿದ್ದರೆ ಗುರುತಿಸಿದವರ ಎದೆಯ ಭಾರ ಹೆಚ್ಚುವುದಷ್ಟೇ ಉಳಿಯುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಚ್ಚಿನ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಿಗದಿರುವವರ ಪ್ರಮಾಣ ಶೇ 70ನ್ನೂ ಮೀರಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ದೊರಕಿಸಲೆಂದು ರೂಪಿಸಿದ ಮನೋಚೈತನ್ಯ ಕಾರ್ಯಕ್ರಮ ಪ್ರತಿ ವಾರವೂ ತಪ್ಪದೆ ನಡೆಯುವಂತಾದರೆ ಹಾಸ್ಟೆಲಿನಿಂದ ಆಸ್ಪತ್ರೆಯವರೆಗಿನ ದಾರಿ ಬಹಳಷ್ಟು ಸುಗಮವಾಗುತ್ತದೆ. ಜಾತಿಯ ಕಾರಣಕ್ಕೆ ಅವಮಾನ ಅನುಭವಿಸುತ್ತಿರುವ ಮಗುವಿಗೆ ಕೇಳುವ ಕಿವಿಯ ಜೊತೆಗೆ ನ್ಯಾಯವೂ ಸಿಗಬೇಕು. ದಮನಿತ ಸಮುದಾಯಗಳ ವಿದ್ಯಾರ್ಥಿಗಳೊಡನೆ ತಾರತಮ್ಯವಿಲ್ಲದೆ ವ್ಯವಹರಿಸುವುದನ್ನು ಸಿಬ್ಬಂದಿಗೆ ಕಲಿಸಬೇಕೆಂದು ಅದೇ ಮಾರ್ಗಸೂಚಿಗಳು ಹೇಳಿವೆ. ಇನ್ನು, ಇಡೀ ರಾತ್ರಿ ಒಂದು ಮಗುವಿನ ಜೊತೆ ಕೂತ ನಿಲಯಪಾಲಕಿಗೆ ಮರುದಿನ ತನ್ನ ನಡುಕವನ್ನು ಹೇಳಿಕೊಳ್ಳಲು ಒಬ್ಬರಿರಬೇಕು. ಪ್ರಯತ್ನ ಫಲಿಸದೆ ಹೋದಾಗ ಆಕೆಯನ್ನೇ ಹೊಣೆ ಮಾಡಿ ನೋಟಿಸ್ ಕೊಡುವ ಪದ್ಧತಿಯಿದ್ದಲ್ಲಿ ಮುಂದೆ ಯಾರೂ ಕೈಚಾಚಲಾರರು.

ಆದ್ದರಿಂದ ರಾಜ್ಯ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಒಟ್ಟಾಗಿ ಪ್ರತಿ ಜಿಲ್ಲೆಯ ತರಬೇತಿ ವೇಳಾಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಒಂದು ತಂಡದಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಜನರಿರಬಾರದು ಮತ್ತು ಅವಧಿಯ ಅರ್ಧದಷ್ಟಾದರೂ ಅಭ್ಯಾಸಕ್ಕೆ ಮೀಸಲಿರಬೇಕು. ಮಾರ್ಗಸೂಚಿಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಚನೆಯಾಗಬೇಕಾದ ಮೇಲ್ವಿಚಾರಣಾ ಸಮಿತಿ, ಎಷ್ಟು ಪ್ರಮಾಣಪತ್ರ ಹಂಚಲಾಯಿತೆಂದು ಕೇಳುವ ಬದಲು, ತರಬೇತಿಯ ನಂತರ ಎಷ್ಟು ಮಕ್ಕಳನ್ನು ನೆರವಿನತ್ತ ಕರೆದೊಯ್ಯಲಾಯಿತೆಂದು, ಹೆಸರುಗಳನ್ನು ಗೋಪ್ಯವಾಗಿಟ್ಟು, ಕೇಳಬೇಕು. ಟೆಲಿ ಮನಸ್ ಸಂಖ್ಯೆಯ ಜೊತೆಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸಂಪರ್ಕಿಸಬೇಕಾದವರ ಹುದ್ದೆ ಮತ್ತು ದೂರವಾಣಿ ಸಂಖ್ಯೆ ಪ್ರತಿ ಹಾಸ್ಟೆಲಿನ ಊಟದ ಕೋಣೆಯಲ್ಲಿ ಕಾಣುವಂತಿರಬೇಕು. ಅಡುಗೆಯವರು, ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿಯಲ್ಲಿ ಬಹುಮಂದಿ ಹೊರಗುತ್ತಿಗೆಯಲ್ಲಿರುವುದರಿಂದ ಅವರನ್ನು ಪಟ್ಟಿಯಿಂದ ಕೈಬಿಡದಂತೆ, ತರಬೇತಿಗೆ ಹಾಜರಾದ ದಿನದ ಕೂಲಿಯನ್ನು ಕಡಿತ ಮಾಡದಂತೆ, ಬಸ್ಸಿನ ಖರ್ಚನ್ನು ಅವರ ಕೈಯಿಂದ ಹಾಕಿಸದಂತೆ ಗುತ್ತಿಗೆಯ ಕರಾರಿನಲ್ಲೇ ಷರತ್ತು ಸೇರಿಸಬೇಕು.

ಇತಿ,
ನಿವೃತ್ತ ಪದವಿಪೂರ್ವ ಕಾಲೇಜು ಉಪನ್ಯಾಸಕಿ
ಶಿವಮೊಗ್ಗ